ಎರಡು ತುಂಡಿನ ಪದ

ಲಿಮ್ನೋಸ್ ದ್ವೀಪದಲ್ಲಿ ಆಗಸ್ಟಿನ ಗಾಳಿಗೆ ತಡೆಯೆಂಬುದಿಲ್ಲ.
ಕಾಗದ ಹಾರದಂತೆ ಜೀಪಿನ ಬಾನೆಟ್ಟಿನ ಮೇಲೆ
ಮೊಣಕೈ ಊರಿ ಬರೆಯುತ್ತಾಳೆ ಪಶುವೈದ್ಯೆ ಎಫ್ಥಿಮೀಯ.
ಪ್ರಾಣಿ: ಹೇಸರಗತ್ತೆ. ಹೆಣ್ಣು. ವಯಸ್ಸು ಇಪ್ಪತ್ತೊಂಬತ್ತು.
ಹೆಸರು ಕನೇಲಾ, ಅಂದರೆ ದಾಲ್ಚಿನ್ನಿ; ಮೈಬಣ್ಣ ನೋಡಿ ಇಟ್ಟದ್ದು.
ಹಿಂಗಾಲು ಎರಡು ಕಡೆ ಮುರಿದಿದೆ.
ಕೊನೆಯ ಸಾಲಿನ ಪದ ಅಚ್ಚಾಗಿಯೇ ಬಂದಿದೆ,
ಪಕ್ಕದ ಚೌಕದಲ್ಲಿ ಒಂದು ಗೀಟು ಎಳೆದರೆ ಮುಗಿಯಿತು.

ಸ್ಟ್ರಾಟಿಸ್ ಮುದುಕ ಕನ್ನಡಕವನ್ನು ಮೂಗಿನ ತುದಿಗೆ ತಂದು
ಅಕ್ಷರ ಕೂಡಿಸಿ ಓದುತ್ತಾನೆ: ಎಫ್... ಥನ... ಸೀಯ.
"ಥಾನತೋಸ್ ಗೊತ್ತು. ಸಾವು.
ಬರುವಾಗ ಅದು ಕಾಗದ ಹಿಡಿದು ಬರುವುದಿಲ್ಲ.
ಈ ಮುಂದಿನ ತುಂಡು ಏನಮ್ಮ?"

"ಒಳ್ಳೆಯದು ಅಂತ, ತಾತ. ಹಳೆಯ ಗ್ರೀಕ್."

"ಒಳ್ಳೆಯದಕ್ಕೆ ನಾವು ಕಲೋ ಅನ್ನುತ್ತೇವೆ.
ಹೊಸ ತಿಂಗಳಿಗೆ ಕಲೋ, ಪಯಣಕ್ಕೆ ಕಲೋ,
ಬರುವ ಚಳಿಗಾಲಕ್ಕೂ ಕಲೋ.
ಹಣ್ಣಾದ ಜೀವಕ್ಕೂ ಅಷ್ಟೇ, ಸ್ವರ್ಗವನ್ನು ಕಲೋ ಎಂದೇ ಹಾರೈಸುತ್ತೇವೆ.
ಈ 'ಎಫ್' ಪಾದ್ರಿಯದು, ಮೇಷ್ಟರದು.
ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿದ್ದೇ ಇಲ್ಲ."

ದಾಟಿದೆ ಎಂದು ಎಫ್ಥಿಮೀಯ ಹೇಳುವುದಿಲ್ಲ.
ಪ್ರತಿ ಲೋಟ ನೀರಿಗೂ ಅವನು ಹೇಳುವ
ಎಫ್ಖರಿಸ್ತೋ, ಆ ಉಪಕಾರದ ಮಾತಿನೊಳಗೆ ಅದು ಕೂತಿದೆ.
ಅವಳ ಹೆಸರಿನ ಬಾಗಿಲಲ್ಲೇ ಕೂತಿದೆ.
ಊರೆಲ್ಲ ಅವಳನ್ನು ಎಫಿ ಎನ್ನುತ್ತದೆ,
ಮೊದಲ ತುಂಡಷ್ಟೇ ಸಾಕು ಎಂಬಂತೆ.
ನಮ್ಮ ಸುದಿನದ, ಸುಗಂಧದ 'ಸು' ಕೂಡ
ಅದಕ್ಕೆ ದೂರದ ತಂಗಿಯೇ,
ಹಬ್ಬಕ್ಕೆ ಹೋಗಿಬರುವ ಬಳಕೆ ತಪ್ಪಿದೆ, ಅಷ್ಟೆ.

ಹುಟ್ಟುವಾಗ ಆ ಪದಕ್ಕೆ ಸೂಜಿ ಇರಲಿಲ್ಲ.
ಕೈ ಇರಲಿಲ್ಲ. ಕನ್ನಡಕ್ಕೆ ತರುವಾಗ ನಾವು ಸೇರಿಸಿದ ದಯೆಯೂ ಇರಲಿಲ್ಲ.
ರೋಮಿನ ಒಬ್ಬ ಚಕ್ರವರ್ತಿ, ಯಾರೋ ಥಟ್ಟನೆ, ನರಳದೆ
ಹೋದರಂತೆ ಎಂದು ಕೇಳಿದಾಗಲೆಲ್ಲ
ನನಗೂ ನನ್ನವರಿಗೂ ಹಾಗೇ ಆಗಲಿ ಎನ್ನುತ್ತಿದ್ದನಂತೆ.
ಅಷ್ಟು ದೊಡ್ಡ ಲ್ಯಾಟಿನ್ ಮನೆಯಲ್ಲಿದ್ದೂ
ಈ ಒಂದು ಪದವನ್ನು ಗ್ರೀಕರಿಂದ ಕಡ ತಂದು.
ಬೇಡುವ ಪದ ಅದು. ಮಾಡುವ ಪದವಲ್ಲ.
ಸಾವಿರದ ಆರುನೂರು ವರ್ಷ ಕಳೆದು ಇಂಗ್ಲಿಷಿನವನೊಬ್ಬ
ಅದನ್ನು ವೈದ್ಯರ ಚೀಲಕ್ಕೆ ಹಾಕಿದ:
ವಾಸಿಯಾಗದವರ ಇಳಿಜಾರನ್ನಾದರೂ ನುಣುಪು ಮಾಡಿ ಎಂದು.
ಆಮೇಲೆ ಜರ್ಮನಿಯಲ್ಲಿ ಬಿಳಿ ಕೋಟು ತೊಟ್ಟವರು
ಅದೇ ಪದದ ಮರೆಯಲ್ಲಿ ಕೂತು
ಯಾರಿಗೂ ಬೇಡವೆಂದ ಮಕ್ಕಳ ಪಟ್ಟಿ ಬರೆದರು.
ಪದಕ್ಕೆ ಹಲ್ಲಿಲ್ಲ. ಕಚ್ಚಲಿಲ್ಲ.

"ಮರಿಗೊಗೆ ಈ ಕಾಗದ ಯಾರೂ ತರಲಿಲ್ಲ,"
ಎನ್ನುತ್ತಾನೆ ಸ್ಟ್ರಾಟಿಸ್, ಹೇಸರಗತ್ತೆಯ ಕಣ್ಣಿನ ನೊಣ ಓಡಿಸುತ್ತ.
"ಹನ್ನೊಂದು ವಾರ. ಅಥೆನ್ಸಿನಲ್ಲಿ, ನಾಲ್ಕನೆಯ ಮಹಡಿ.
ಮೂಗಿಗೊಂದು ಕೊಳವೆ, ಗಂಟಲಿಗೊಂದು.
ಮಾತಿಲ್ಲ. ದುಪ್ಪಟಿಯ ಮೇಲೆ ಬೆರಳಲ್ಲಿ ಬರೆಯುತ್ತಿದ್ದಳು,
ಬಾಗಿಲು, ಬಾಗಿಲು ಅಂತ.
ಎದ್ದು ಹೋಗಿ ತೆರೆಯುತ್ತಿದ್ದೆ. ಮತ್ತೆ ಬರೆಯುತ್ತಿದ್ದಳು. ಹಾಕುತ್ತಿದ್ದೆ.
ಯಾವುದು ಬೇಕಿತ್ತೋ ಕೊನೆಗೂ ತಿಳಿಯಲಿಲ್ಲ."

ಎಫಿ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ.

ಅವನು ಸಹಿ ಮಾಡಿದ, ಉಳುವವನ ಸಹಿ,
ಸಾಲು ಬಿಟ್ಟು ಬದುವಿಗೆ ಹತ್ತಿದ್ದು.
ಮೂಗುದಾರ ತಾನೇ ಬಿಚ್ಚಿದ.
ಕುತ್ತಿಗೆಯ ಮೇಲೆ ಅಂಗೈ ಇಟ್ಟು, ಸೂಜಿ ಇಳಿಯುವ ತನಕ
ಕಿವಿಯಲ್ಲಿ ಬೈಯುತ್ತಿದ್ದ, ಹಳೆಯ ಬೈಗುಳಗಳು,
ಕಲ್ಲುದಾರಿಯಲ್ಲಿ ಮೂಟೆ ಹೊರಿಸಿ ಹತ್ತಿಸುವಾಗಿನವು.
ಮೊದಲು ಮಂಡಿ. ಆಮೇಲೆ ಇಡೀ ದಾಲ್ಚಿನ್ನಿ.
ಒಂದು ಕಿವಿ ಇನ್ನೂ ಗಾಳಿಯ ಕಡೆಗೇ ತಿರುಗಿತ್ತು.

"ಒಳ್ಳೆಯದಾಯಿತಾ?"
"ಬೇಗ ಆಯಿತು, ತಾತ."
ಅವಳಿಗೆ ಗೊತ್ತಿದ್ದ ನಿಜ ಅಷ್ಟೇ.

ಎಫ್... ಎಂದು ಏನೋ ಹೇಳಹೊರಟ.
ಉಳಿದ ತುಂಡನ್ನು ಗಾಳಿ ಎತ್ತಿಕೊಂಡು ಹೋಯಿತು.
ಕೊಟ್ಟಿಗೆಯವರೆಗೆ ನಡೆದು, ಬಾಗಿಲು ಪೂರ್ತಿ ತೆರೆದ.
ಸ್ವಲ್ಪ ಹೊತ್ತು ನಿಂತು,
ಹಾಕಿದ.